ಕೂಗಿ ಹೇಳಲಾಗದ ವಿಷಯ

ಫೆಬ್ರವರಿ ೧೮

ಅಪ್ಪಾ,

ಫೋನಿನಲ್ಲಿ ಕೂಗಿದರೆ ಪಾಪು ಏಳುತ್ತಾಳೆ, ಕೂಗದಿದ್ದರೆ ನಿನಗೆ ಕೇಳಿಸುವುದಿಲ್ಲ. ಲಿಫ್ಟುಗಳ ಮೋಟಾರು ಕೋಣೆಯಲ್ಲೇ ಅರ್ಧ ಆಯುಷ್ಯ ಕಳೆದ ಕಿವಿ ನಿನ್ನದು. ನಿನ್ನೆ ನಾನು “ಈಗ ತಾನೇ ಹಾಲು ಕುಡಿದಳು” ಅಂದರೆ ನೀನು “ಯಾರು ಕಾಲು ಮುರಿದುಕೊಂಡರು?” ಎಂದು ಗಾಬರಿಬಿದ್ದೆ. ಇವರು ಪಕ್ಕದಲ್ಲಿ ನಿಂತು ನಕ್ಕೂ ನಕ್ಕೂ ಸುಸ್ತಾದರು. ಅದಕ್ಕೇ ಈ ಕಾಗದ. ನಾನು ಹಾಸ್ಟೆಲಿನಲ್ಲಿದ್ದಾಗ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ.

ಪಾಪು ಮೂರು ವಾರದವಳಾದಳು. ಮೂಗು ಅಮ್ಮನದು ಎಂದು ನನಗೆ ಅನಿಸುತ್ತದೆ. ಇವರು ಒಪ್ಪುವುದಿಲ್ಲ, ಇಷ್ಟು ಚಿಕ್ಕ ಮೂಗಿಗೆ ಯಾರ ಹೋಲಿಕೆಯೂ ಇರುವುದಿಲ್ಲ ಅನ್ನುತ್ತಾರೆ. ಅಮ್ಮನ ಮೂಗನ್ನು ಸರಿಯಾಗಿ ಬಲ್ಲವನು ನೀನು. ಬಂದು ತೀರ್ಪು ಕೊಡು.

ತಿಂಗಳ ಕೊನೆಗೆ ಬರುತ್ತೇನೆ ಅಂದಿದ್ದೆ. ಯಾವ ರೈಲು ಎಂದು ಬರಿ, ಇವರು ನಿಲ್ದಾಣಕ್ಕೆ ಬರುತ್ತಾರೆ. ಕಿಟಕಿ ಇರುವ ಕೋಣೆಯಲ್ಲಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ತೆಗೆದು ನಿನಗೆ ಮಂಚ ಹಾಕಿಸಿದ್ದೇನೆ.

ನಿನ್ನ ಮಗಳು


ಫೆಬ್ರವರಿ ೨೬

ಮಗಳೇ,

ಕಾಗದ ತಲುಪಿತು. ನೀವೆಲ್ಲ ಕ್ಷೇಮವೆಂದು ತಿಳಿದು ಸಂತೋಷ.

ಈ ತಿಂಗಳು ಬರಲಾಗುವುದಿಲ್ಲ. ಹಳೆಯ ಆಫೀಸು ಕಟ್ಟಡದ ಎರಡು ಲಿಫ್ಟುಗಳಿಗೆ ಹಗ್ಗ ಬದಲಿಸುವ ಕೆಲಸ ತಲೆಮೇಲೆ ಕೂತಿದೆ. ಹೊಸಬರ ಕೈಗೆ ಬಿಟ್ಟು ಬರುವ ಕೆಲಸವಲ್ಲ. ಜೊತೆಗೆ ಸ್ವಲ್ಪ ಮೈ ಸರಿಯಿಲ್ಲ, ಅಂಥದ್ದೇನೂ ಅಲ್ಲ. ಎಳೆಮಗು ಇರುವ ಮನೆಗೆ ಕೆಮ್ಮು ನೆಗಡಿ ಹೊತ್ತು ಬರುವುದು ಬೇಡ.

ಮುಂದಿನ ತಿಂಗಳು ನೋಡೋಣ. ಹೊತ್ತುಹೊತ್ತಿಗೆ ಊಟ ಮಾಡು. ಅಳಿಯನಿಗೆ ಕೇಳಿದೆನೆಂದು ಹೇಳು.

ನಿನ್ನ ಅಪ್ಪ


ಮಾರ್ಚ್ ೨೧

ಅಪ್ಪಾ,

ಟಿಕೆಟ್ ತೆಗೆಸಿದ್ದೇನೆ ಎಂದು ನೀನೇ ಹೇಳಿದೆ. ಇವರು ಅರ್ಧ ದಿನ ರಜೆ ಹಾಕಿ ನಿಲ್ದಾಣದಲ್ಲಿ ಕಾದರು. ಕೊನೆಗೆ ನಿನ್ನಿಂದ ಬಂದದ್ದು “ಬರಲಾಗಲಿಲ್ಲ” ಅನ್ನುವ ಒಂದು ಪದದ ಮೆಸೇಜು. ಆಮೇಲೆ ನಾನು ಫೋನು ಮಾಡಿದರೆ “ಹ್ಞೂಂ, ಹ್ಞೂಂ” ಅಂದು ಇಟ್ಟುಬಿಟ್ಟೆ. ನಿನಗೆ ನಿಜವಾಗಿ ಕೇಳಿಸದಿದ್ದಾಗ ನೀನು “ಏನಂದೆ?” ಅನ್ನುತ್ತೀಯ. ಕೇಳಿಸಿಯೂ ಉತ್ತರ ಕೊಡಲು ಇಷ್ಟವಿಲ್ಲದಾಗ “ಹ್ಞೂಂ” ಅನ್ನುತ್ತೀಯ. ಇಷ್ಟು ವರ್ಷದಲ್ಲಿ ಅದು ನನಗೆ ಗೊತ್ತಾಗದೆ ಇರುತ್ತದೆಯೇ?

ನಾನು ಎಲ್ಲವನ್ನೂ ಯೋಚಿಸಿ ನೋಡಿದೆ. ಹೆಣ್ಣುಮಗು ಎಂದು ಮುಖ ತಿರುಗಿಸುವವನು ನೀನಲ್ಲ, ನನ್ನನ್ನು ಹೆಗಲಮೇಲೆ ಕೂರಿಸಿಕೊಂಡು ಊರು ಸುತ್ತಿದವನು. ಅಮ್ಮ ಇಲ್ಲದೆ ಒಬ್ಬನೇ ಬರಲು ಕಷ್ಟವಾಗುತ್ತಿದೆಯೇ? ಹಾಗಿದ್ದರೆ ಹೇಳು. ಅಮ್ಮ ಹೋಗಿ ಎರಡು ವರ್ಷ ದಾಟಿತು, ನನಗೂ ಈ ಮಗುವನ್ನು ಎತ್ತಿಕೊಂಡಾಗಲೆಲ್ಲ ಅವಳೇ ನೆನಪಾಗುತ್ತಾಳೆ. ಇಬ್ಬರೂ ಸೇರಿ ಅತ್ತರಾಯಿತು. ಅಥವಾ ನಿನಗೆ ದೊಡ್ಡ ಕಾಯಿಲೆ ಏನಾದರೂ ಬಂದು ಮುಚ್ಚಿಡುತ್ತಿದ್ದೀಯಾ? ಅಮ್ಮನೂ ಹಾಗೆಯೇ ಮಾಡಿದ್ದಳು. ನಾನು ಇನ್ನೊಂದು ಸಲ ಕೊನೆಗೆ ಗೊತ್ತಾಗುವ ಮಗಳಾಗಿರಲು ತಯಾರಿಲ್ಲ.

ಏನೇ ಇರಲಿ, ಬರಿ.

ಮಗಳು


ಏಪ್ರಿಲ್ ೪

ಮಗಳೇ,

ಈ ಕಾಗದವನ್ನು ಒಬ್ಬಳೇ ಕೂತು ಓದು. ಅಳಿಯನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ನಾನು ಬರದೆ ಇದ್ದದ್ದು ಕೆಲಸದ ಕಾರಣಕ್ಕಲ್ಲ. ನನಗೊಂದು ಕಾಯಿಲೆ ಬಂದಿದೆ. ಹೆಸರು ಸಿಫಿಲಿಸ್. ಸಾಯುವ ಕಾಯಿಲೆಯಲ್ಲ, ಚಿಕಿತ್ಸೆಯೂ ಆಗಿದೆ. ಮೊದಲು ಅದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದು. ಅದು ಹೇಗೆ ಬರುತ್ತದೆಂದು ನಿನಗೆ ಗೊತ್ತಿದ್ದೀತು. ಆದರೂ ನಾನೇ ಹೇಳಿಬಿಡುತ್ತೇನೆ. ಅರ್ಧ ಹೇಳಿದರೆ ಉಳಿದರ್ಧವನ್ನು ನೀನು ಇನ್ನೂ ಕೆಟ್ಟದಾಗಿ ಊಹಿಸಿಕೊಳ್ಳುತ್ತೀಯ.

ಜನವರಿಯಲ್ಲಿ ನಾನು ಬೇರೆ ಊರಿಗೆ ಹೋಗಿದ್ದೆನಲ್ಲ, ಗೋದಾಮಿಗೆ ಸಾಮಾನು ಸಾಗಿಸುವ ಲಿಫ್ಟು ಕೂರಿಸಲು. ಅಲ್ಲಿ ಒಂದು ಸಣ್ಣ ಲಾಡ್ಜಿನಲ್ಲಿ ಉಳಿದುಕೊಂಡಿದ್ದೆ. ಅದನ್ನು ನೋಡಿಕೊಳ್ಳುವ ಹೆಂಗಸಿನ ಜೊತೆ ಪರಿಚಯವಾಯಿತು. ನನಗಿಂತ ಐದಾರು ವರ್ಷ ಚಿಕ್ಕವಳು. ಪರಿಚಯ ಬೆಳೆಯಿತು. ಎರಡು ಸಲ ನಾವು ಗಂಡಹೆಂಡಿರ ಹಾಗೆ ಇದ್ದೆವು. ಕಾಂಡೋಮ್ ಬಳಸಲಿಲ್ಲ. ಮಕ್ಕಳಾಗುವ ವಯಸ್ಸು ದಾಟಿದವರಿಗೆ ಅದೇಕೆ ಎಂದುಕೊಂಡೆವೋ, ಆ ಮಾತು ಎತ್ತಲು ನಾಚಿಕೆಯಾಯಿತೋ. ನನ್ನ ಮಟ್ಟಿಗೆ ಎರಡೂ ನಿಜ. ಮಗಳಿಗೆ ಬರೆಯಬಾರದ್ದನ್ನು ಬರೆಯುತ್ತಿದ್ದೇನೆ ಎಂದು ಗೊತ್ತು. ಮೂರು ಸಲ ಹರಿದು ಹಾಕಿ ಇದನ್ನು ಬರೆದಿದ್ದೇನೆ.

ವಾಪಸು ಬಂದು ಕೆಲವು ವಾರಕ್ಕೆ ಕಾಣಿಸಬಾರದ ಜಾಗದಲ್ಲಿ ಒಂದು ಹುಣ್ಣು ಎದ್ದಿತು. ನೋವಿಲ್ಲ, ತುರಿಕೆಯಿಲ್ಲ. ನೋವಾಗಿದ್ದರೆ ಆಗಲೇ ಓಡುತ್ತಿದ್ದೆ. ಔಷಧಿ ಅಂಗಡಿಯವನ ಹತ್ತಿರ, ಪ್ಯಾಂಟು ಉಜ್ಜಿ ಗಾಯವಾಗಿದೆ ಎಂದು ಸುಳ್ಳು ಹೇಳಿ ಮುಲಾಮು ತಂದೆ. ನಿನ್ನ ಮೊದಲ ಕಾಗದ ಬಂದಾಗ ಆ ಹುಣ್ಣು ಇತ್ತು. ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು, ಹಾಗಾಗಿ ಬರಲಿಲ್ಲ. ಕೆಲವು ದಿನಕ್ಕೆ ಅದು ಮಾಯಿತು. ಮುಲಾಮಿನ ಪ್ರತಾಪ ಎಂದು ಬೀಗಿ ಟಿಕೆಟ್ ತೆಗೆಸಿದೆ. ತಾನಾಗಿ ಮಾಯುವುದೇ ಆ ಹುಣ್ಣಿನ ಬುದ್ಧಿ, ಕಾಯಿಲೆ ಒಳಗೇ ಉಳಿದಿರುತ್ತದೆ ಎಂದು ಆಮೇಲೆ ತಿಳಿಯಿತು.

ಹೊರಡಬೇಕಾದ ದಿನ ಬೆಳಿಗ್ಗೆ ಕೈ ತೊಳೆಯುತ್ತಿದ್ದೆ. ಅಂಗೈ ತುಂಬ ತಾಮ್ರದ ಬಣ್ಣದ ಚುಕ್ಕೆಗಳು. ಗ್ರೀಸಿನ ಕಲೆ ಎಂದು ಸೀಮೆಎಣ್ಣೆ ಹಾಕಿ ಉಜ್ಜಿದೆ, ಹೋಗಲಿಲ್ಲ. ಕಾಲು ಮೇಲೆತ್ತಿ ನೋಡಿದರೆ ಅಂಗಾಲಿನಲ್ಲೂ ಅವೇ. ಕೆಲವು ದಿನದಿಂದ ಗಂಟಲು ನೋವು, ಸಣ್ಣಗೆ ಜ್ವರ ಇತ್ತು. ಬಾಚಣಿಗೆಯಲ್ಲಿ ಕೂದಲು ಗುಪ್ಪೆಗುಪ್ಪೆ ಬರುತ್ತಿತ್ತು. ಎಲ್ಲವನ್ನೂ ಬೇರೆಬೇರೆ ಎಂದುಕೊಂಡಿದ್ದೆ. ಆಗ ಒಟ್ಟಿಗೆ ಜೋಡಿಸಿ ನೋಡಿದೆ. ನೀನು ಮಗುವನ್ನು ತಂದು ನನ್ನ ತೊಡೆಮೇಲೆ ಹಾಕುತ್ತೀಯ. ಈ ಕೈಯಲ್ಲಿ ಹೇಗೆ ಎತ್ತಿಕೊಳ್ಳಲಿ? ಚೀಲ ಕಟ್ಟಿಟ್ಟವನು ಹಾಗೇ ಕೂತುಬಿಟ್ಟೆ.

ಮರುದಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ನಿನ್ನ ವಯಸ್ಸಿನ ಹುಡುಗಿ. “ಅಂಗೈ ತೋರಿಸಿ” ಅಂದರು. ನೋಡಿ ಏನೋ ಕೇಳಿದರು. ಕೇಳಿಸಲಿಲ್ಲ, “ಏನಂದ್ರಿ?” ಎಂದೆ. ಇನ್ನೊಂದು ಸಲ ಜೋರಾಗಿ ಕೇಳಿದರು, ಆಗಲೂ ತಿಳಿಯಲಿಲ್ಲ. ಹೊರಗೆ ಬೆಂಚಿನ ತುಂಬ ಜನ. ಆಕೆ ಎದ್ದುಹೋಗಿ ಬಾಗಿಲು ಹಾಕಿ ಬಂದು, ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: “ಈಚೆಗೆ ಯಾರ ಜೊತೆಗಾದರೂ ದೈಹಿಕ ಸಂಬಂಧ ಇತ್ತೇ?” ನಾನು ಪೆನ್ನು ತೆಗೆದುಕೊಂಡು ಕೆಳಗೆ “ಹೌದು” ಎಂದು ಬರೆದೆ. ಆಮೇಲಿನ ಪ್ರಶ್ನೆಗಳೆಲ್ಲ ಹಾಗೇ ಬರವಣಿಗೆಯಲ್ಲೇ ನಡೆದವು. ಆಕೆಯ ಮುಖ ಒಮ್ಮೆಯೂ ಸಿಂಡರಿಸಲಿಲ್ಲ. ಪರೀಕ್ಷೆಯ ಹೊತ್ತಿಗೆ ನಾಚಿಕೆಯಿಂದ ನಾನೇ ಗೋಡೆ ನೋಡುತ್ತಿದ್ದೆ.

ರಕ್ತ ಕೊಟ್ಟೆ. ಫಲಿತಾಂಶ ಬರುವವರೆಗೆ ಊಟ ರುಚಿಸಲಿಲ್ಲ. ಸಿಫಿಲಿಸ್ ಇದೆ ಎಂದು ಬಂತು. ಎಚ್‌ಐವಿ ಇಲ್ಲ ಎಂದು ಬಂತು, ಆದರೆ ಅದನ್ನು ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿದರೇ ಪಕ್ಕಾ ಅಂತೆ. ಸೊಂಟಕ್ಕೆ ಪೆನಿಸಿಲಿನ್ ಚುಚ್ಚಿದರು, ಎರಡೂ ಕಡೆ. ಎರಡು ದಿನ ಕುಂಟಿದೆ. ಅವತ್ತು ಚಳಿಜ್ವರ ಬಂದು ಹಲ್ಲು ಕಟಕಟ ಅಂದವು. ಹಾಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಈಗ ಕಲೆಗಳು ಮಾಸುತ್ತಿವೆ.

ಮೊಮ್ಮಗಳನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದ್ದೆ. ಚುಚ್ಚುಮದ್ದು ಆಗಿ ಒಂದೆರಡು ವಾರ ಕಳೆದ ಮೇಲೆ ಧಾರಾಳವಾಗಿ ಎತ್ತಿಕೊಳ್ಳಿ ಅಂದರು. ಅವರು ಹೇಳಿದರು, ನನ್ನ ಮನಸ್ಸು ಒಪ್ಪುತ್ತಿಲ್ಲ.

ಇಷ್ಟೇ ವಿಷಯ. ಫೋನಿನಲ್ಲಿ ಕೂಗಿ ಹೇಳುವಂಥದ್ದಲ್ಲ.

ಅಪ್ಪ


ಏಪ್ರಿಲ್ ೨೬

ಅಪ್ಪನಿಗೆ,

ನಿಮ್ಮ ಕಾಗದ ತಲುಪಿ ಬಹಳ ದಿನವಾಯಿತು. ಪಾಪು ಚೆನ್ನಾಗಿದ್ದಾಳೆ. ಲಸಿಕೆ ಹಾಕಿಸಿದೆವು. ಇವರಿಗೆ ನಾನು ಏನೂ ಹೇಳಿಲ್ಲ. ನಿಮಗೆ ಮೈ ಸರಿಯಿಲ್ಲ, ಔಷಧಿ ನಡೆಯುತ್ತಿದೆ ಎಂದಷ್ಟೇ ಹೇಳಿದ್ದೇನೆ.

ಎರಡು ಪ್ರಶ್ನೆ ಕೇಳಬೇಕು. ನೇರವಾಗಿ ಉತ್ತರ ಕೊಡಿ.

ಅಮ್ಮ ಇದ್ದಾಗಲೂ ನೀವು ಕೆಲಸದ ಮೇಲೆ ಊರೂರು ತಿರುಗುತ್ತಿದ್ದಿರಿ. ಆಗಲೂ ಇಂಥದ್ದು ಇತ್ತೇ?

ಆ ಹೆಂಗಸಿಗೆ ವಿಷಯ ತಿಳಿಸಿದ್ದೀರಾ? ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ಆ ಸಾಲು ಸಿಗಲಿಲ್ಲ. ನಿಮಗೆ ಚುಚ್ಚುಮದ್ದು ಸಿಕ್ಕಿತು, ನಿಮ್ಮ ಕಲೆ ಮಾಸುತ್ತಿದೆ. ಅವರ ಕಥೆ ಏನು?

ಮಗಳು


ಮೇ ೯

ಮಗಳೇ,

ನೀನು ನನ್ನನ್ನು “ನೀವು” ಎಂದು ಕರೆದದ್ದು ಇದೇ ಮೊದಲು. ಕಾಗದ ಬೇರೆ ಯಾರದೋ ಇರಬೇಕೆಂದು ಲಕೋಟೆ ತಿರುಗಿಸಿ ನೋಡಿದೆ. ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಮೊದಲನೆಯದು. ಇಲ್ಲ. ನಿಮ್ಮಮ್ಮ ಇದ್ದಾಗ ಒಮ್ಮೆಯೂ ಇಲ್ಲ. ನಾನೇನು ಸಂತನಲ್ಲ, ಮನೆಗೆ ಹೋಗುವ ಆಸೆಯೇ ಜೋರಾಗಿರುತ್ತಿತ್ತು, ಅಷ್ಟೇ. ಸಂಜೆಯ ಬಸ್ಸು ತಪ್ಪಿದರೆ ಸರಕಿನ ಲಾರಿ ಹತ್ತಿಯಾದರೂ ಬಂದುಬಿಡುತ್ತಿದ್ದೆ. ಅದು ನಿನಗೂ ನೆನಪಿರಬೇಕು. ಅವಳು ಹೋದ ಮೇಲೆ ಯಾವ ಬಸ್ಸು ತಪ್ಪಿದರೂ ಒಂದೇ ಆಯಿತು.

ಎರಡನೆಯದು. ನೀನು ಕೇಳುವವರೆಗೂ ತಿಳಿಸಿರಲಿಲ್ಲ. ಆಕೆಗೆ ಹೇಳಲೇಬೇಕೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. “ನೀವು ಹೇಳೋಕಾಗದಿದ್ರೆ ಫೋನ್ ನಂಬರ್ ಕೊಡಿ, ನಿಮ್ಮ ಹೆಸರು ಎತ್ತದೆ ನಾವೇ ಹೇಳ್ತೀವಿ” ಎಂದೂ ಅಂದರು. ನಾನೇ ಹೇಳುತ್ತೇನೆಂದು ದೊಡ್ಡಸ್ತಿಕೆ ಮಾಡಿ ಬಂದು ಸುಮ್ಮನಾಗಿದ್ದೆ. ನಾಳೆ, ನಾಡಿದ್ದು ಎಂದು ದಿನ ತಳ್ಳಿದೆ. ನಿನ್ನ ಕಾಗದ ಓದಿದ ಮರುದಿನ ರೈಲು ಹತ್ತಿದೆ.

ಮಧ್ಯಾಹ್ನ ತಲುಪಿದೆ. ಆಕೆ ಲಾಡ್ಜಿನ ಹಿಂದಿನ ಕೋಣೆಯಲ್ಲಿ ಒಗೆದ ಹಾಸುಬಟ್ಟೆ ಮಡಚುತ್ತಿದ್ದಳು. ನನ್ನನ್ನು ಕಂಡು ನಕ್ಕು, ಫೋನು ಮಾಡಿ ಬರಬಾರದಿತ್ತೇ, ನಿಮ್ಮ ಕೋಣೆ ಖಾಲಿ ಇಲ್ಲವಲ್ಲ ಅಂದಳು. ಹಾಸುಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಜನವರಿಯಲ್ಲಿ ನಾವು ಹಾಗೇ ಮಾತಾಡುತ್ತಿದ್ದದ್ದು, ಬಟ್ಟೆ ಮಡಚುತ್ತ. ನನ್ನ ಕಿವಿ ಮಂದ ಎಂದು ಮೊದಲ ದಿನವೇ ಗುರುತಿಸಿ, ಯಾವಾಗಲೂ ಮುಖ ನನ್ನ ಕಡೆ ಇಟ್ಟುಕೊಂಡೇ ಮಾತಾಡುತ್ತಿದ್ದವಳು. ಜನ ಸಾಮಾನ್ಯವಾಗಿ ಕೂಗುತ್ತಾರೆ, ಇಲ್ಲವೇ ಮಾತನ್ನೇ ಬಿಡುತ್ತಾರೆ.

ಬಟ್ಟೆ ಕೈಯಲ್ಲಿ ಹಿಡಿದೇ ಹೇಳಿದೆ. ಕಾಯಿಲೆಯ ಹೆಸರು, ಹುಣ್ಣು, ಕಲೆ, ರಕ್ತಪರೀಕ್ಷೆ, ಎಲ್ಲ. ನಿಮಗೂ ಇರಬಹುದು, ಏನೂ ಕಾಣಿಸದೆಯೂ ಇರಬಹುದಂತೆ, ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಆಕೆ ಮಡಿಕೆ ಮುಗಿಸಿ, ಬಟ್ಟೆಯನ್ನು ಕಪಾಟಿನಲ್ಲಿಟ್ಟು, ಆಮೇಲೆ ನನ್ನ ಕಡೆ ತಿರುಗಿದಳು.

“ನಿಮಗೆ ಯಾವಾಗ ಗೊತ್ತಾಯ್ತು?”

“ಮಾರ್ಚ್ ಕೊನೇಲಿ.”

“ಹಾಗಾದ್ರೆ ಇಲ್ಲಿಗೆ ಬರೋಕೆ ಒಂದು ತಿಂಗಳು ಬೇಕಾಯ್ತು.”

“ಹೌದು.”

“ನೀವೇ ನನಗೆ ತಂದಿರಬಹುದಲ್ಲ?”

“ಇರಬಹುದು,” ಎಂದೆ.

ಇರಲಾರದು ಎಂದು ನನಗೆ ಗೊತ್ತು. ನಿಮ್ಮಮ್ಮನನ್ನು ಬಿಟ್ಟರೆ ನನ್ನ ಬದುಕಿನಲ್ಲಿ ಬಂದವಳು ಈಕೆಯೊಬ್ಬಳೇ. ಆದರೆ ಆ ಹೊತ್ತಿನಲ್ಲಿ ಆ ವಾದ ಗೆದ್ದು ಏನು ಸಾಧಿಸಲಿ? ಆಕೆಯೂ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ತಾನಾಗಿಯೇ ಹೇಳಿದಳು. ಗಂಡ ಬಿಟ್ಟುಹೋಗಿದ್ದಾನೆಂದು ನನಗೆ ಮೊದಲೇ ಹೇಳಿದ್ದಳು, ಅದು ನಿಜವೇ. ಆದರೆ ಕೈ ಬರಿದಾದಾಗ ಬರುತ್ತಾನೆ, ಕೆಲವು ದಿನ ಇದ್ದು ಹೋಗುತ್ತಾನೆ. ಹೋದ ವರ್ಷದ ಕೊನೆಯಲ್ಲಿ ಬಂದಿದ್ದ. “ಬಾಗಿಲು ಹಾಕ್ಕೊಳ್ಳೋ ಧೈರ್ಯ ನನಗೆ ಇರಲಿಲ್ಲ,” ಅಂದಳು. ಆಮೇಲೆ ಕುರ್ಚಿ ಎಳೆದು ಕೂತು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅವುಗಳಲ್ಲಿ ಏನೂ ಇರಲಿಲ್ಲ.

ಅವತ್ತೇ ಆಸ್ಪತ್ರೆಗೆ ಹೊರಟೆವು. ಜೊತೆಗೆ ಬರಲೇ ಎಂದು ಕೇಳಿದ್ದಕ್ಕೆ, “ಒಳಗೆ ಬರಬೇಡಿ. ಹೊರಗೆ ಕೂತಿರಿ, ಸಾಕು,” ಅಂದಳು. ಕೂತಿದ್ದೆ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಳು. ದಾರಿಯುದ್ದಕ್ಕೂ ನನ್ನನ್ನು ಬೈದಳು. ಹಲವು ಮಾತು ನನಗೆ ಕೇಳಿಸಲಿಲ್ಲ, ಯಾಕೆಂದರೆ ಈ ಸಲ ಮುಖ ಬೇರೆ ಕಡೆ ಇತ್ತು. ನಾನೂ “ಏನಂದ್ರಿ?” ಎಂದು ಕೇಳಲಿಲ್ಲ.

ನಿನ್ನೆ ಮೆಸೇಜು ಬಂತು. ಆಕೆಗೂ ಇದೆ. ಎಂದಿನಿಂದ ಇದೆಯೆಂದು ಹೇಳಲಾಗದ್ದರಿಂದ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು ಅಂತೆ. ಎಚ್‌ಐವಿ ಇಲ್ಲ. ಗಂಡನಿಗೆ ತಿಳಿಸುವ ಕೆಲಸವನ್ನು ಆಸ್ಪತ್ರೆಯವರಿಗೇ ಬಿಟ್ಟಿದ್ದಾಳೆ.

ನೀನು ಕೇಳದಿದ್ದರೆ ನಾನು ಇನ್ನೂ ಎಷ್ಟು ದಿನ ತಳ್ಳುತ್ತಿದ್ದೆನೋ ಗೊತ್ತಿಲ್ಲ. ಅದನ್ನು ಯೋಚಿಸಿದರೆ ಕಾಯಿಲೆಗಿಂತ ಹೆಚ್ಚು ನಾಚಿಕೆಯಾಗುತ್ತದೆ.

ಅಪ್ಪ


ಮೇ ೨೦

ಅಪ್ಪಾ,

ಪಾಪು ಮಲಗಿದ್ದಾಳೆ, ಇವರು ಕೆಲಸಕ್ಕೆ ಹೋಗಿದ್ದಾರೆ. ಇವತ್ತು ಉದ್ದಕ್ಕೆ ಬರೆಯುತ್ತೇನೆ.

ನಿನ್ನ ಏಪ್ರಿಲಿನ ಕಾಗದ ಬಂದ ದಿನ ನಾನು ಅದನ್ನು ಹಾಸಿಗೆಯ ಕೆಳಗೆ ತುರುಕಿ, ಪಾತ್ರೆ ತೊಳೆದೆ, ನೆಲ ಒರೆಸಿದೆ, ತೊಳೆದ ಪಾತ್ರೆಯನ್ನು ಮತ್ತೆ ತೊಳೆದೆ. ಮೈಯೆಲ್ಲ ಉರಿಯುತ್ತಿತ್ತು. ಯಾಕೆ ಎಂದು ಆಗ ಗೊತ್ತಿರಲಿಲ್ಲ. ಕಾಯಿಲೆಗೆ ಅಲ್ಲ, ಅದಂತೂ ಬೇಗ ತಿಳಿಯಿತು. ಅಮ್ಮನ ಜಾಗ ಖಾಲಿಯೇ ಇರುತ್ತದೆ, ನೀನು ಅದರ ಪಕ್ಕದಲ್ಲಿ ಕೂತು ಕಾಯುತ್ತಿರುತ್ತೀಯ ಎಂದು ನಾನು ಅಂದುಕೊಂಡಿದ್ದೆ. “ಅಪ್ಪ ಪಾಪ, ಒಂಟಿ” ಎಂದು ಎಲ್ಲರ ಹತ್ತಿರ ಹೇಳುತ್ತಿದ್ದೆ. ಒಂಟಿ ಎಂದರೆ ಏನು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಹೇಳುವುದಕ್ಕೆ ಚೆನ್ನಾಗಿತ್ತು, ಹೇಳುತ್ತಿದ್ದೆ. ನಿನ್ನನ್ನು ಯಾರೋ ಮುಖ ನೋಡಿ ಮಾತಾಡಿಸಿದರು ಎಂದು ನೀನು ಬರೆದದ್ದನ್ನು ಓದಿದಾಗ ಹೊಟ್ಟೆಕಿಚ್ಚಾಯಿತು, ಅಪ್ಪಾ. ಆಮೇಲೆ ನಾಚಿಕೆಯಾಯಿತು. ನಾನು ಯಾವಾಗಲೂ ಕೂಗುತ್ತೇನಲ್ಲ, ಅದೂ ಅಡುಗೆಮನೆಯಿಂದ.

ಇನ್ನೊಂದು ವಿಷಯ. ಮೊನ್ನೆ ಪಾಪುವಿನ ಲಸಿಕೆ ಕಾರ್ಡು ಹುಡುಕುತ್ತ ನನ್ನ ಬಸಿರಿನ ಫೈಲು ತೆಗೆದೆ. ಮೂರನೆಯ ತಿಂಗಳಲ್ಲಿ ರಕ್ತ ಕೊಟ್ಟಾಗಿನ ರಿಪೋರ್ಟು ಅದರಲ್ಲಿತ್ತು. ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಎಲ್ಲ ಒಂದರ ಕೆಳಗೊಂದು. ನನಗೂ ಆ ಪರೀಕ್ಷೆ ಮಾಡಿದ್ದರು, ಅಪ್ಪಾ. ಬಸುರಿಯರಿಗೆಲ್ಲ ಮಾಡುತ್ತಾರೆ. ನರ್ಸು ಆವತ್ತು “ಎಲ್ಲರಿಗೂ ಮಾಡ್ತೀವಿ, ಕೈ ಚಾಚಿ” ಅಂದಿದ್ದಳು, ನಾನು ಚಾಚಿದ್ದೆ. ಕೆಲಸದ ನಡುವೆ ಡಿಪೋದಲ್ಲಿ ಅರ್ಧಕ್ಕೆ ಬಿಟ್ಟುಬಂದಿದ್ದ ಬಸ್ಸುಗಳ ವೇಳಾಪಟ್ಟಿ ತಲೆಯಲ್ಲಿ ತಿರುಗುತ್ತಿತ್ತು, ಏನು ಪರೀಕ್ಷೆ ಎಂದು ಕೇಳುವ ವ್ಯವಧಾನವೂ ಇರಲಿಲ್ಲ. ಏನೂ ಇಲ್ಲ ಎಂದು ಬಂದಿತ್ತು. ಇದೆ ಎಂದು ಬಂದಿದ್ದರೆ ನನಗೂ ಚುಚ್ಚುಮದ್ದು ಕೊಡುತ್ತಿದ್ದರು, ನಾನೂ ಎರಡು ದಿನ ಕುಂಟುತ್ತಿದ್ದೆ. ಆ ಸಾಲನ್ನು ನೋಡುತ್ತ ತುಂಬ ಹೊತ್ತು ಕೂತಿದ್ದೆ. ಹತ್ತು ಸಾಲುಗಳಲ್ಲಿ ಅದೂ ಒಂದು ಸಾಲು.

ಪಾಪುವಿನ ಡಾಕ್ಟರ ಹತ್ತಿರ, ನೆಂಟರೊಬ್ಬರಿಗೆ ಈ ಕಾಯಿಲೆ ಎಂದು ಹೇಳಿ ಕೇಳಿದೆ. ಚಿಕಿತ್ಸೆಯಾಗಿ ಇಷ್ಟು ದಿನ ಕಳೆದಿದೆ ಎಂದಾದರೆ ಎತ್ತಿಕೊಳ್ಳಲು, ಸ್ನಾನ ಮಾಡಿಸಲು, ಮಲಗಿಸಲು ಯಾವ ಅಡ್ಡಿಯೂ ಇಲ್ಲ ಅಂದರು. ನನ್ನ ಮುಖ ನೋಡಿ, “ನಿಮ್ಮ ನೆಂಟರಿಗೆ ಹೇಳಿ, ಮಗು ಬೇಗ ದೊಡ್ಡದಾಗುತ್ತೆ, ಕಾಯಲ್ಲ,” ಎಂದರು.

ಎರಡನೇ ರಕ್ತಪರೀಕ್ಷೆ ಆದ ಮೇಲೆ ಬರುತ್ತೇನೆ ಎಂದು ಮಾತ್ರ ಬರೆಯಬೇಡ. ಮೊದಲು ಬಾ. ಇವರಿಗೆ ನಿನ್ನ ಕಾಯಿಲೆಯ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನದು.

ಆಕೆಗೆ ಮೂರು ಚುಚ್ಚುಮದ್ದೂ ಆಯಿತೇ?

ನಿನ್ನ ಮಗಳು


ಜುಲೈ ೬

ಮಗಳೇ,

ಊರಿಗೆ ವಾಪಸು ಬಂದು ತಲುಪಿ ವಾರದ ಮೇಲಾಯಿತು. ನಿನ್ನ ಮನೆಯಲ್ಲಿದ್ದಷ್ಟು ದಿನ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಅಳಿಯ ಎದುರಿಗೇ ಇದ್ದ, ಪಾಪು ಮಲಗುವುದು ಏಳುವುದು ನಡೆದೇ ಇತ್ತು, ನನ್ನ ಕಿವಿ ಬೇರೆ ಹೀಗೆ. ಆದರೆ ನೀನು ನನ್ನ ಎದುರಿಗೆ ಬಂದು ನಿಂತು, ಮುಖ ತೋರಿಸಿ ಮಾತಾಡುತ್ತಿದ್ದದ್ದನ್ನು ಗಮನಿಸಿದೆ.

ಮೊದಲ ದಿನ ನಾನು ಪಾಪುವನ್ನು ತೊಟ್ಟಿಲಲ್ಲೇ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡೆ. ಪ್ರಯಾಣದ ಧೂಳು, ಸ್ನಾನ ಮಾಡಿ ಬರುತ್ತೇನೆ ಎಂದೆ. ಸ್ನಾನವಾಯಿತು. ಊಟ ಮಾಡಿ ಎತ್ತಿಕೊಳ್ಳುತ್ತೇನೆ ಎಂದೆ. ಊಟವಾಯಿತು. ಆಮೇಲೆ ನೀನು ತಂತಿಯ ಮೇಲಿನ ಬಟ್ಟೆ ತರುತ್ತೇನೆಂದು ಹೇಳಿ, ನಾನು ಬಾಯಿ ತೆಗೆಯುವ ಮೊದಲೇ ಅವಳನ್ನು ನನ್ನ ಕೈಗಿಟ್ಟು ಹೊರಟೇಹೋದೆ. ನಾಲ್ಕು ಬಟ್ಟೆ ತರಲು ಅಷ್ಟು ಹೊತ್ತು ಬೇಡ, ಅದು ನನಗೂ ಗೊತ್ತು. ಅವಳು ನನ್ನ ಹೆಬ್ಬೆರಳು ಹಿಡಿದು ಬಾಯಿಗೆ ಎಳೆದುಕೊಳ್ಳಲು ನೋಡಿದಳು. ನಾನು ಬಿಡಿಸಿಕೊಂಡೆ, ಅವಳು ಮತ್ತೆ ಹಿಡಿದಳು. ನೀನು ಬರುವಷ್ಟರಲ್ಲಿ ನನ್ನ ತೋಳು ಜೋಮು ಹಿಡಿದಿತ್ತು. ಆದರೂ ಕೊಡಲು ಮನಸ್ಸಾಗಲಿಲ್ಲ. ಮೂಗು ನಿಮ್ಮಮ್ಮನದೇ. ಅಳಿಯನಿಗೆ ಹೇಳು, ತೀರ್ಪು ಅಂತಿಮ.

ನಿನ್ನೆ ಪರೀಕ್ಷೆಯ ಫಲಿತಾಂಶ ಸಿಕ್ಕಿತು. ಎಚ್‌ಐವಿ ಇಲ್ಲ, ಇನ್ನು ಅದರ ಚಿಂತೆ ಬಿಡಿ ಅಂದರು. ಸಿಫಿಲಿಸಿನ ಅಂಕಿ ಬಹಳ ಇಳಿದಿದೆ, ಔಷಧಿ ಹಿಡಿದಿದೆ ಎಂದು ಅರ್ಥ. ಇನ್ನೂ ಒಂದೆರಡು ಸಲ ರಕ್ತ ಕೊಡಬೇಕು. ಡಾಕ್ಟರು ಈ ಸಲವೂ ಬಾಗಿಲು ಹಾಕಿ ಚೀಟಿ ತೆಗೆದರು. ನಾನು, ಎದುರಿಗೆ ಕೂತು ನಿಧಾನ ಹೇಳಿದರೆ ಕೇಳಿಸುತ್ತದೆ ಎಂದೆ. “ಗುಣವಾಗ್ತಾ ಇದೆ,” ಅಂದರು. ಕೇಳಿಸಿತು. ಇನ್ನೊಂದು ಸಲ ಹೇಳಿಸಿಕೊಂಡೆ.

ಆಕೆಗೂ ಮೂರು ಚುಚ್ಚುಮದ್ದು ಮುಗಿದಿವೆ. ಕಳೆದ ಭಾನುವಾರ ಹೋಗಿದ್ದೆ. ಲಾಡ್ಜಿನ ಹಿಂಬಾಗಿಲಿಗೆ ಹೊಸ ಚಿಲಕ ಹಾಕಿಕೊಡಲು ಕೇಳಿದಳು, ಹಾಕಿಕೊಟ್ಟೆ. ಒಳಗಿನಿಂದ ಗಟ್ಟಿಯಾಗಿ ಹಿಡಿಯುವಂಥದ್ದು. ಮುಂದೆ ಏನು ಎಂದು ನಾನೂ ಕೇಳಿಲ್ಲ, ಆಕೆಯೂ ಹೇಳಿಲ್ಲ. ಟೀ ಕುಡಿದು ಹಾಸುಬಟ್ಟೆ ಮಡಚಿದೆವು. ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳಿದಳು. ನನಗೆ ವರ್ಣಿಸಿ ಹೇಳಲು ಬರುವುದಿಲ್ಲ, ನಿನಗೇ ಗೊತ್ತು. ಎರಡು ಕಣ್ಣು, ಒಂದು ಮೂಗು ಎಂದೆ. “ಅಷ್ಟು ನನಗೂ ಗೊತ್ತಿತ್ತು,” ಅಂದಳು.

ಮಳೆಗಾಳಿಯಲ್ಲಿ ಪಾಪುವನ್ನು ಹೊರಗೆ ಕರೆದುಕೊಂಡು ಹೋಗುವಾಗ ಕಿವಿ ಮುಚ್ಚು.

ಅಪ್ಪ


ಜುಲೈ ೧೫

ಅಪ್ಪಾ,

ರಿಪೋರ್ಟಿನ ವಿಷಯ ಓದಿ, ಇವರು ಯಾಕೆ ಎಂದು ಕೇಳುವಷ್ಟು ಜೋರಾಗಿ ಉಸಿರು ಬಿಟ್ಟೆ. ಅಪ್ಪನಿಗೆ ಗುಣವಾಯಿತಂತೆ ಎಂದೆ. ಒಳ್ಳೆಯದಾಯಿತು ಅಂದರು, ಅಷ್ಟೇ. ಮೂಗಿನ ತೀರ್ಪನ್ನು ಮಾತ್ರ ಒಪ್ಪಿಲ್ಲ, ಮೇಲ್ಮನವಿ ಹಾಕುತ್ತಾರಂತೆ.

ಪಾಪು ಈಗ ತಾನಾಗಿ ಮಗುಚಿಕೊಳ್ಳುತ್ತಾಳೆ, ವಾಪಸು ಬರಲು ಗೊತ್ತಾಗದೆ ಅಳುತ್ತಾಳೆ. ನಾನು ಸೋಮವಾರದಿಂದ ಡಿಪೋಗೆ ಹೋಗುತ್ತೇನೆ. ನಾನಿಲ್ಲದೆ ಬಸ್ಸುಗಳೆಲ್ಲ ಚೆನ್ನಾಗಿಯೇ ಓಡಿವೆ, ಅದೇ ಬೇಜಾರು.

ಈ ಲಕೋಟೆಯಲ್ಲಿ ಅವಳ ಫೋಟೊ ಇಟ್ಟಿದ್ದೇನೆ. ಎರಡು ಪ್ರತಿ ಹಾಕಿಸಿದೆ, ಎರಡೂ ಇದರಲ್ಲೇ ಇವೆ. ಒಂದು ನಿನಗೆ.

ನಿನ್ನ ಮಗಳು